ಮಾವನ ಮಣ್ಣಿಗೆ ಫ್ರಾಂಕ್‌ಫರ್ಟ್ ದಾರಿ

ಈ ಭೂಮಂಡಲದಲ್ಲಿ ವಿಮಾನದ ಪಾಯಿಂಟುಗಳನ್ನು ಸರಿಯಾಗಿ ಖರ್ಚು ಮಾಡುವ ವಿದ್ಯೆ ಒಬ್ಬನೇ ಒಬ್ಬನಿಗೆ ಒಲಿದಿತ್ತು. ಆ ಮಹಾಪುರುಷ ನಾನೇ! ಹೆಸರು ಟೋರ್ಮೋಡ್, ಊರು ನಾರ್ವೆಯ ಉತ್ತರ ತುದಿಯ ಹಮ್ಮರ್‌ಫೆಸ್ಟ್, ಕೆಲಸ ವೆಲ್ಡಿಂಗು. ಓದು ಅಂತ ಕೇಳಬೇಡಿ. ಮೇಷ್ಟ್ರು ನನ್ನ ಮೇಲೆ ಎಸೆದ ಡಸ್ಟರನ್ನು ನಾನು ಅವರಿಗೇ ವಾಪಸ್ ಎಸೆದೆ, ಗುರಿ ಅವರಿಗಿಂತ ಚೆನ್ನಾಗಿತ್ತು, ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗೀತು.

ಆದರೆ ಪಾಯಿಂಟಿನ ವಿಷಯದಲ್ಲಿ ನಾನು ಪಂಡಿತ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟದ ಮೇಲೆ ನನ್ನ ಕೆಲಸ. ಎರಡು ವಾರ ಅಲ್ಲಿ, ನಾಲ್ಕು ವಾರ ಮನೆಯಲ್ಲಿ. ಹೋಗುವಾಗಲೂ ವಿಮಾನ, ಬರುವಾಗಲೂ ವಿಮಾನ, ದುಡ್ಡು ಕಂಪನಿಯದು, ಪಾಯಿಂಟು ನನ್ನದು! ಎಷ್ಟು ಹಾರಿದರೆ ವಿಮಾನದವರು ಅಷ್ಟು ಪಾಯಿಂಟು ಕೊಡ್ತಾರೆ, ದುಡ್ಡಿನ ಬದಲು ಅದನ್ನೇ ಕೊಟ್ಟು ಟಿಕೆಟ್ಟು ತಗೋಬಹುದು. ವರ್ಷಗಟ್ಟಲೆ ಹೀಗೆ ಹಾರಿ ಹಾರಿ ನನ್ನ ಖಾತೆಯಲ್ಲಿ ಪಾಯಿಂಟು ಹುತ್ತದ ಹಾಗೆ ಬೆಳೆದಿತ್ತು. ಜೊತೆಯವರು ನನ್ನನ್ನು ‘ಪಾಯಿಂಟ್ ಪಾದ್ರಿ’ ಅಂತಿದ್ದರು. ಊಟದ ಮನೆಯಲ್ಲಿ ನಾನು ಉಪದೇಶವನ್ನೂ ಮಾಡ್ತಿದ್ದೆ.

“ಕೇಳ್ರೋ, ಪಾಯಿಂಟಿಗೆ ಅಂತ ಸ್ವಂತ ಬೆಲೆ ಇಲ್ಲ. ಯಾವ ಟಿಕೆಟ್ಟಿನ ಮೇಲೆ ಸುರೀತೀಯೋ ಆ ಟಿಕೆಟ್ಟಿನ ಬೆಲೆಯೇ ಅದರ ಬೆಲೆ. ಅಗ್ಗದ ಟಿಕೆಟ್ಟಿಗೆ ಸುರಿಯೋನು ಮೂರ್ಖ. ದುಬಾರಿ ಟಿಕೆಟ್ಟಿಗೆ ಸುರಿಯೋನು ಜಾಣ!”

ನಮ್ಮ ಕ್ರೇನಿನವನೊಬ್ಬ ತನ್ನ ಪಾಯಿಂಟನ್ನೆಲ್ಲ ಕೊಟ್ಟು ಬ್ರೆಡ್ಡು ಸುಡುವ ಯಂತ್ರ ತರಿಸಿಕೊಂಡ. ಆ ಪಾಪಿಯ ಜೊತೆ ನಾನು ಎರಡು ವಾರ ಮಾತಾಡಲಿಲ್ಲ. ಉಪ್ಪು ಕೇಳಿದರೆ ಮೆಣಸು ಕೊಟ್ಟೆ.

ಈ ಮಹಾ ಸಿದ್ಧಾಂತದ ಬಿಸಿ ಮೊದಲು ತಟ್ಟಿದ್ದು ನನ್ನ ಹೆಂಡತಿ ಗುನ್‌ವೋರ್‌ಗೆ. ಅವಳ ಅಪ್ಪ ಹಾಲ್ಗೈರ್ ಇದ್ದದ್ದು ದೂರದ ಪಶ್ಚಿಮ ಕರಾವಳಿಯ ಫ್ಲೋರೋದಲ್ಲಿ. ಹಳೇ ಮೀನುಗಾರ. ಮಾತು ಕಡಿಮೆ. ಅದರಲ್ಲೂ ನನ್ನ ಜೊತೆ ಇನ್ನೂ ಕಡಿಮೆ. ಬೇಸಿಗೆ ಬಂತು ಅಂದರೆ ಗುನ್‌ವೋರ್ ಶುರು ಮಾಡೋಳು.

“ಈ ಸಲ ಅಪ್ಪನ್ನ ನೋಡ್ಕೊಂಡು ಬರೋಣ.”

“ಈಗ ಬೇಡ ಕಣೇ, ಟಿಕೆಟ್ಟು ತೀರಾ ಅಗ್ಗ ಇದೆ!”

“ಅಗ್ಗ ಇದ್ರೆ ಒಳ್ಳೇದಲ್ವಾ? ದುಡ್ಡು ಕೊಟ್ಟು ಹೋಗೋಣ.”

“ಮನೆ ತುಂಬ ಪಾಯಿಂಟ್ ಇಟ್ಕೊಂಡು ದುಡ್ಡು ಕೊಡೋದಾ? ನನಗೇನು ತಲೆ ಕೆಟ್ಟಿದ್ಯಾ?”

“ಹಾಗಾದ್ರೆ ಪಾಯಿಂಟ್ ಕೊಡು.”

“ಇಷ್ಟು ಅಗ್ಗದ ಟಿಕೆಟ್ಟಿಗೆ ಪಾಯಿಂಟಾ? ನಿನಗೆ ತಲೆ ಕೆಟ್ಟಿದೆ!”

ಹೀಗೆ, ಟಿಕೆಟ್ಟು ಸಾಕಷ್ಟು ದುಬಾರಿಯಾಗಲಿ ಅಂತ ಕಾಯ್ತಾ ಕಾಯ್ತಾ ಎರಡು ಬೇಸಿಗೆ ಕಳೆದವು. ಮೂರನೆಯದಕ್ಕೆ ಮಾವ ಕಾಯಲಿಲ್ಲ.

ಫೆಬ್ರವರಿಯಲ್ಲಿ ಗುನ್‌ವೋರ್ ತಂಗಿ ಬೋರ್ಗಿಲ್ಡ್ ಫೋನ್ ಮಾಡಿದಳು. ಅಪ್ಪ ಬೆಳಿಗ್ಗೆ ಕಾಫಿ ಬಟ್ಟಲು ಹಿಡಿದುಕೊಂಡೇ ಹೋದರಂತೆ, ಒಂದು ಹನಿಯೂ ಚೆಲ್ಲಿರಲಿಲ್ಲವಂತೆ. ಮಣ್ಣು ಮುಂದಿನ ಶುಕ್ರವಾರ. ಪೆಟ್ಟಿಗೆ ಹೊರುವ ಆರು ಜನ ಯಾರು ಅಂತ ಮಾವ ಮೊದಲೇ ಹೇಳಿಟ್ಟಿದ್ದರು. ಎಡಗಡೆ, ಎಲ್ಲರಿಗಿಂತ ಮುಂದೆ, ನಾನು!

“ನಿಜವಾಗ್ಲೂ ನನ್ನ ಹೆಸರು ಹೇಳಿದ್ರಾ?” ಅಂತ ಫೋನಿನಲ್ಲೇ ಕೇಳಿದೆ.

“ಹೂಂ ಭಾವಾ,” ಅಂದಳು ಬೋರ್ಗಿಲ್ಡ್. “‘ಅವನು ಬಾಯಿ ತೆಗೀದೆ ಮಾಡೋ ಕೆಲಸ ಅದೊಂದೇ’ ಅಂದ್ರು.”

ಗುನ್‌ವೋರ್ ಅಳಲಿಲ್ಲ. ಅಡುಗೆಮನೆ ಕಿಟಕಿಯ ಹತ್ತಿರ ನಿಂತು ಕತ್ತಲೆಯನ್ನು ನೋಡ್ತಿದ್ದಳು. ಆಮೇಲೆ ತಿರುಗಿ ಹೇಳಿದಳು.

“ಶುಕ್ರವಾರ ಬೆಳಿಗ್ಗೆ ಮುಚ್ಚಳ ಹಾಕ್ತಾರೆ. ಅದಕ್ಕೆ ಮುಂಚೆ ಮನೆಯವರು ಮುಖ ನೋಡಬಹುದು. ನನಗೆ ಬೇರೇನೂ ಬೇಡ. ಅಪ್ಪನ ಮುಖ ಒಂದೇ ಒಂದ್ಸಲ ನೋಡಬೇಕು. ನಾಳೇನೇ ಹೋಗೋಣ. ದುಡ್ಡು ಕೊಟ್ಟು, ನೇರವಾಗಿ.”

“ನೀನು ಚಿಂತೆ ಬಿಡು,” ಅಂತ ಎದೆ ತಟ್ಟಿಕೊಂಡೆ. “ನಿಮ್ಮಪ್ಪನ್ನ ಕಳಿಸಿಕೊಡೋಕೆ ನಿನ್ನನ್ನ ರಾಣಿ ಹಾಗೆ ಕರ್ಕೊಂಡು ಹೋಗ್ತೀನಿ!”

ಕಂಪ್ಯೂಟರ್ ಮುಂದೆ ಕೂತೆ. ಅಬ್ಬಬ್ಬಾ! ನಾನು ಅಲ್ಲಿ ಕಂಡ ಸತ್ಯವನ್ನು ಹೇಗೆ ಹೇಳಲಿ? ತುರ್ತಿನ ಟಿಕೆಟ್ಟುಗಳೆಲ್ಲ ಬೆಂಕಿ ಬೆಲೆ! ಅಂದರೆ ಪಾಯಿಂಟಿಗೆ ಬಂಗಾರದ ಬೆಲೆ! ಇಷ್ಟು ವರ್ಷ ಒಳ್ಳೇ ಸಮಯ ಅಂತ ಕಾದೆನಲ್ಲ, ಆ ಸಮಯ ಅಂದರೆ ಮನೆಯಲ್ಲೊಂದು ಸಾವು ಆಗೋದು. ಇದನ್ನು ಯಾವ ಬುದ್ಧಿವಂತನೂ ನನಗೆ ಹೇಳಿರಲಿಲ್ಲ.

“ಟೋರ್ಮೋಡ್,” ಅಂತ ಬಾಗಿಲಿನಿಂದ ಗುನ್‌ವೋರ್ ಕರೆದಳು. “ನಮ್ಮಪ್ಪ ಸತ್ತಿದಾನೆ. ನೀನು ಶಿಳ್ಳೆ ಹಾಕ್ತಿದೀಯ.”

ಬಾಯಿ ಮುಚ್ಚಿಕೊಂಡೆ. ಆದರೆ ಕೈ ನಿಲ್ಲಲಿಲ್ಲ. ಟ್ರೋಮ್ಸೋ, ಬೆರ್ಗೆನ್, ಫ್ಲೋರೋ, ಇದು ಎಲ್ಲರೂ ಹೋಗುವ ದಾರಿ. ಇದರಲ್ಲಿ ಲಾಭ ಸಾಧಾರಣ. ಆದರೆ ಟ್ರೋಮ್ಸೋದಿಂದ ಫ್ರಾಂಕ್‌ಫರ್ಟ್, ಫ್ರಾಂಕ್‌ಫರ್ಟಿನಿಂದ ಬೆರ್ಗೆನ್! ಅದೂ ಮುಂದಿನ ಸಾಲಿನ ದೊಡ್ಡ ಸೀಟು! ಕೊಳ್ಳೋಕೆ ಹೋದರೆ ನಾಲ್ಕು ಪಟ್ಟು ದುಡ್ಡು, ಪಾಯಿಂಟು ಮಾತ್ರ ಹೆಚ್ಚುಕಮ್ಮಿ ಅಷ್ಟೇ! ಒಂದೇ ತೊಂದರೆ, ಆ ಸೀಟು ಸಿಕ್ಕಿದ್ದು ಗುರುವಾರಕ್ಕೆ.

“ಫ್ರಾಂಕ್‌ಫರ್ಟಾ?” ಗುನ್‌ವೋರ್ ನನ್ನ ಹೆಗಲ ಮೇಲಿಂದ ನೋಡಿದಳು. “ಅಪ್ಪ ಸತ್ತಿದ್ದು ಜರ್ಮನಿಯಲ್ಲಾ?”

“ಇಲ್ಲ ಕಣೇ, ಆದ್ರೆ ಲಾಭ ನೋಡು…”

“ಬೆರ್ಗೆನ್ ದಾಟಿ ಕೆಳಗೆ ಹೋಗಿ ಮತ್ತೆ ಮೇಲೆ ಬರೋದಾ? ಇದು ತಲೆ ಸುತ್ತಿ ಮೂಗು ಹಿಡಿಯೋ ಹಾಗಾಯ್ತು.”

“ಹಿಡಿದ್ರೆ ಹಿಡೀಲಿ, ಮೂಗು ಮೊದಲ ದರ್ಜೆಯಲ್ಲಿ ಕೂತಿರುತ್ತೆ! ಗುರುವಾರ ಸಂಜೆಯೊಳಗೆ ಬೆರ್ಗೆನ್, ಶುಕ್ರವಾರ ಮುಂಜಾನೆ ಫ್ಲೋರೋ. ಮುಖ ನೋಡೋಕೆ ಬೇಕಾದಷ್ಟು ಹೊತ್ತು ಇರುತ್ತೆ. ನನ್ನ ಮಾತು!”

ಅವಳಿಗೆ ಜಗಳಕ್ಕೆ ಶಕ್ತಿ ಇರಲಿಲ್ಲ. ನಾನು ಗೆದ್ದೆ. ಮದುವೆಯಾದ ಮೇಲೆ ನಾನು ಗೆದ್ದ ಜಗಳಗಳು ಕಡಿಮೆ, ಗೆದ್ದಿದ್ದೆಲ್ಲ ಹೀಗೇ.

ಗುರುವಾರ ಹೊರಟೆವು. ನಾನು ಕಪ್ಪು ಸೂಟು ಮೈಮೇಲೇ ಹಾಕಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತೆ. ಪಿಂಗಾಣಿ ತಟ್ಟೆಯಲ್ಲಿ ಊಟ, ಕೈ ಒರೆಸಿಕೊಳ್ಳೋಕೂ ಬಟ್ಟೆ, ಕೇಳಿದಷ್ಟು ವೈನು. ಗುನ್‌ವೋರ್ ಏನೂ ಮುಟ್ಟಲಿಲ್ಲ, ಅವಳ ಪಾಲನ್ನೂ ನಾನೇ ತಿಂದೆ. ಬಿಟ್ಟರೆ ಪಾಯಿಂಟಿಗೆ ಅವಮಾನ!

“ಈ ಸೀಟಿಗೆ ಪಕ್ಕದೋನು ಎಷ್ಟು ಕೊಟ್ಟಿದಾನೆ ಗೊತ್ತಾ?” ಅಂದೆ.

“ಗೊತ್ತಿಲ್ಲ.”

“ಹೇಳ್ಲಾ?”

“ಅಪ್ಪನಿಗೆ ಹೇಳು. ನಾಳೆ ಅವನ ಎದುರು ನಿಂತಾಗ.”

ಆಮೇಲೆ ನಾನು ಕಿಟಕಿ ನೋಡಿಕೊಂಡು ಅಗಿದೆ.

ಫ್ರಾಂಕ್‌ಫರ್ಟಿನಲ್ಲಿ ದೊಡ್ಡ ಸೀಟಿನವರಿಗೆ ಅಂತಲೇ ಒಂದು ಕೋಣೆ. ಅಲ್ಲಿ ಸಾಸೇಜು, ಆಲೂಗಡ್ಡೆ, ಬಿಯರು, ಎಲ್ಲ ಪುಕ್ಕಟೆ. ನಾನು ಮೂರು ಸಲ ತಟ್ಟೆ ತುಂಬಿಸಿದೆ. ಗುನ್‌ವೋರ್ ಮಾತ್ರ ಗೇಟು ತೆರೆಯುವ ಮುಂಚೆಯೇ ಹೋಗಿ ಗೇಟಿನ ಹತ್ತಿರ ನಿಂತುಬಿಟ್ಟಿದ್ದಳು, ಕೈಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು.

ನಾನು ಡರ್ ಅಂತ ತೇಗುತ್ತ ಅಲ್ಲಿಗೆ ಬಂದಾಗ ಅವಳು, “ಮುಖ ತೊಳ್ಕೊಂಡು ಬರ್ತೀನಿ, ಇಲ್ಲೇ ಇರು, ಎಲ್ಲೂ ಹೋಗ್ಬೇಡ,” ಅಂದಳು. ನಾನು ಎಲ್ಲೂ ಹೋಗಲಿಲ್ಲ. ದೇವರಾಣೆ, ಒಂದು ಹೆಜ್ಜೆಯೂ ಕದಲಲಿಲ್ಲ. ನಿಂತ ಜಾಗದಲ್ಲೇ ಸರ್ವನಾಶ ಮಾಡಿದೆ.

ಏನಾಯ್ತೆಂದರೆ, ಗೇಟಿನ ಹೆಂಗಸು ಮೈಕು ಹಿಡಿದಳು. ವಿಮಾನದಲ್ಲಿರುವ ಸೀಟಿಗಿಂತ ಹೆಚ್ಚು ಜನಕ್ಕೆ ಟಿಕೆಟ್ಟು ಕೊಟ್ಟಿದ್ದಾರಂತೆ. ಯಾರಾದರೂ ಮನಸ್ಸು ಮಾಡಿ ಸೀಟು ಬಿಟ್ಟುಕೊಟ್ಟರೆ ಸಂಜೆಯ ವಿಮಾನದಲ್ಲಿ ಕಳಿಸುತ್ತಾರಂತೆ, ಮೇಲಿಂದ ಪಾಯಿಂಟು ಕೊಡುತ್ತಾರಂತೆ. ಮೊದಲು ಜರ್ಮನ್‌ನಲ್ಲಿ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ. ನನಗೆ ಎರಡೂ ಅಷ್ಟಕ್ಕಷ್ಟೇ. ಆದರೆ ಪಾಯಿಂಟು ಅನ್ನುವ ಶಬ್ದ ಯಾವ ಭಾಷೆಯಲ್ಲಿ ಹೇಳಿದರೂ ನನ್ನ ಕಿವಿಗೆ ಬೀಳುತ್ತದೆ. ಅವಳು ಹೇಳಿದ ಸಂಖ್ಯೆಯೋ! ಸಮುದ್ರದ ನಡುವೆ ಅರ್ಧ ವರ್ಷ ನೆನೆದರೂ ಅಷ್ಟು ಹುಟ್ಟುವುದಿಲ್ಲ!

ನಾನು ಯೋಚಿಸಲಿಲ್ಲ. ಯೋಚಿಸಿದೆ ಅಂದರೆ ಸುಳ್ಳಾಗುತ್ತದೆ. ನೋಡಿದರೆ ನನ್ನ ಬಲಗೈ ಮೇಲಿತ್ತು!

“ನಿಮ್ಮದು ಇಬ್ಬರ ಟಿಕೆಟ್ಟು ಒಟ್ಟಿಗೇ ಇದೆ,” ಅಂದಳು ಆ ಹೆಂಗಸು. “ಇಬ್ಬರೂ ಬಿಟ್ಟುಕೊಡ್ತೀರಾ?”

“ಇಬ್ಬರೂ ಅಂದ್ರೆ… ಎರಡರಷ್ಟಾ?”

“ಹೌದು, ಎರಡರಷ್ಟು.”

“ಬಿಟ್ಟೆ!”

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ನಾನು ಇರುವೆ ಬಿಟ್ಟುಕೊಂಡದ್ದೂ ಅಲ್ಲದೆ ಸಹಿ ಹಾಕಿ ಬಿಟ್ಟುಕೊಂಡೆ.

ಗುನ್‌ವೋರ್ ಒದ್ದೆ ಮುಖದಲ್ಲಿ ಬಂದಳು. “ಯಾಕೆ ಕೂತಿದೀಯ? ಎಲ್ಲರೂ ಒಳಗೆ ಹೋಗ್ತಿದಾರೆ.”

“ಕೂತ್ಕೋ. ಒಂದು ಒಳ್ಳೇ ಸುದ್ದಿ.”

ಅವಳು ಕೂರಲಿಲ್ಲ. ನಾನು ಸಂಖ್ಯೆ ಹೇಳಿದೆ. ಎರಡರಷ್ಟು ಅಂತಲೂ ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗದ್ದು ಕಂಡು, ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಜೋರಾಗಿ ಹೇಳಿದೆ.

“ನಮ್ಮ ಸೀಟು ಮಾರಿದ್ಯಾ?”

“ಮಾರಿಲ್ಲ, ಬಿಟ್ಟುಕೊಟ್ಟೆ. ಸಂಜೆ ಇನ್ನೊಂದಿದೆಯಲ್ಲ…”

“ವಾಪಸ್ ಕೇಳು.”

ಕೇಳಿದೆ. ಗೇಟಿನ ಹೆಂಗಸು ಕೈ ಅಲ್ಲಾಡಿಸಿದಳು. ನಮ್ಮ ಮೊದಲ ಸಾಲಿನ ಸೀಟುಗಳಲ್ಲಿ ಆಗಲೇ ಯಾರೋ ಗಂಡಹೆಂಡತಿ ಕೂತು ಬೆಲ್ಟು ಬಿಗಿದುಕೊಂಡಿದ್ದರು. ಬಾಗಿಲು ಮುಚ್ಚಿತು. ವಿಮಾನ ಹಿಂದೆ ಸರಿದು, ತಿರುಗಿ, ನಮ್ಮ ಮಾವ ಮಲಗಿದ್ದ ದಿಕ್ಕಿಗೆ ಹೋಯಿತು.

ಸಂಜೆಯ ವಿಮಾನ ಹೊರಡಲೇ ಇಲ್ಲ. ಬೆರ್ಗೆನ್‌ನಲ್ಲಿ ಬಿರುಗಾಳಿ! ಫಲಕದ ಮೇಲೆ ನಮ್ಮ ಸಾಲು ಕೆಂಪಾಯಿತು. ಕೂಡಲೇ ನಾನೂ ಕೆಂಪಾದೆ. ಸಹಾಯದ ಮೇಜಿಗೆ ನುಗ್ಗಿದೆ.

“ನಮ್ಮ ಮಾವ ಸತ್ತಿದಾರೆ!” ಅಂತ ಕೂಗಿದೆ.

“ಕ್ಷಮಿಸಿ, ನಾಳೆ ಬೆಳಿಗ್ಗೆಯವರೆಗೆ ಬೆರ್ಗೆನ್‌ಗೆ ಏನೂ ಇಲ್ಲ,” ಅಂದ ಅಲ್ಲಿದ್ದವನು. ಆಮೇಲೆ ಪರದೆ ನೋಡಿದ. “ನೀವು ಮೊದಲನೇ ವಿಮಾನದಲ್ಲಿ ಹೋಗಬಹುದಿತ್ತಲ್ಲ? ಇಲ್ಲಿ ನೀವೇ ಬಿಟ್ಟುಕೊಟ್ಟಿದ್ದೀರಿ ಅಂತಿದೆ.”

ಸತ್ಯ ಹೇಳಿದವನ ಮೇಲೆ ಬರುವಷ್ಟು ಸಿಟ್ಟು ಇನ್ಯಾರ ಮೇಲೂ ಬರುವುದಿಲ್ಲ. ಮೇಜನ್ನು ಗುದ್ದಿದೆ. ವೆಲ್ಡರನ ಮುಷ್ಟಿ ನೋಡಿ, ಮೇಜಿನ ಮೇಲಿದ್ದ ಪುಟ್ಟ ಬಾವುಟ ಹಾರಿಹೋಯಿತು. ಎಣ್ಣೆ ಅಟ್ಟದ ಮೇಲೆ ಕಲಿತ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಪ್ರಯೋಗಿಸಿದೆ. ನಮ್ಮ ಭಾಷೆ ಇವರಿಗೆಲ್ಲಿ ಅರ್ಥವಾಗುತ್ತೆ ಅಂತ ಧೈರ್ಯ. ನಾರ್ವೆಯ ಬೈಗುಳಕ್ಕೂ ಜರ್ಮನಿಯ ಬೈಗುಳಕ್ಕೂ ಎಂಥ ಹತ್ತಿರದ ನೆಂಟಸ್ತಿಕೆ ಅಂತ ನನಗೆ ವಿವರಿಸಿದವರು ಇಬ್ಬರು ಪೊಲೀಸರು. ವಿವರಿಸುತ್ತಲೇ ನನ್ನನ್ನು ಗಾಜಿನ ಕೋಣೆಯೊಂದಕ್ಕೆ ಕರೆದುಕೊಂಡು ಹೋದರು.

ಅಲ್ಲಿಂದ ಹೊರಗಿನದೆಲ್ಲ ಕಾಣುತ್ತಿತ್ತು. ಎದುರಿಗೆ ಬೇರೆ ಕಂಪನಿಯ ಟಿಕೆಟ್ಟಿನ ಮೇಜು. ಅಲ್ಲಿ ಗುನ್‌ವೋರ್ ನಿಂತಿದ್ದಳು. ಕೈಚೀಲದಿಂದ ತನ್ನ ಕಾರ್ಡು ತೆಗೆದಳು. ಕೊಟ್ಟಳು. ಒಂದು ಕ್ಷಣವೂ ಲೆಕ್ಕ ಹಾಕಲಿಲ್ಲ. ಆಮೇಲೆ ಗಾಜಿನ ಕೋಣೆಯ ಬಾಗಿಲಿಗೆ ಬಂದಳು.

“ಓಸ್ಲೋಗೆ ಒಂದು ಸೀಟಿತ್ತು. ತಗೊಂಡೆ. ಬೆಳಿಗ್ಗೆ ಅಲ್ಲಿಂದ ಫ್ಲೋರೋಗೆ ಸಣ್ಣ ವಿಮಾನ ಇದೆ.”

ನೋಡಿ, ಮನುಷ್ಯನಾದವನು ಆಗ ಏನನ್ನಬೇಕು? ‘ಕ್ಷಮಿಸು’ ಅನ್ನಬೇಕು. ‘ಹುಷಾರಾಗಿ ಹೋಗು’ ಅನ್ನಬೇಕು. ನನ್ನ ಬಾಯಿಂದ ಬಂದ ಮಾತು:

“ಎಷ್ಟು ಕೊಟ್ಟೆ?”

ಪೊಲೀಸನೂ ನನ್ನ ಮುಖ ನೋಡಿದ.

ಗುನ್‌ವೋರ್ ಕೋಟಿನ ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಗಿನವರೆಗೆ, ಒಂದೊಂದಾಗಿ, ಆಮೇಲೆ ಹೊರಟುಹೋದಳು.

ಪೊಲೀಸರು ನನ್ನನ್ನು ಬಿಟ್ಟರು. ನಾನು ದೊಡ್ಡ ಸೀಟಿನವರ ಕೋಣೆಗೆ ಹೋದೆ, ಬಾಗಿಲಲ್ಲೇ ತಡೆದರು. ಸೀಟು ಬಿಟ್ಟುಕೊಟ್ಟವರಿಗೆ ಅಲ್ಲಿ ಪ್ರವೇಶವಿಲ್ಲವಂತೆ. ಬೆಂಚಿನ ಮೇಲೆ ಕಪ್ಪು ಸೂಟಿನಲ್ಲಿ ಮುದುರಿಕೊಂಡೆ. ಗುನ್‌ವೋರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬೋರ್ಗಿಲ್ಡ್‌ಗೆ ಮಾಡಿದೆ, ಅವಳೂ ಎತ್ತಲಿಲ್ಲ. ಫೋನು ಒಂದೇ ಒಂದು ಸಲ ಟಿಣ್ ಅಂದಿತು. ಆತುರದಿಂದ ತೆಗೆದು ನೋಡಿದರೆ, ‘ಅಭಿನಂದನೆಗಳು, ನಿಮ್ಮ ಪಾಯಿಂಟು ಜಮಾ ಆಗಿದೆ.’

ಮರುದಿನ ಬೆರ್ಗೆನ್ ಸೇರಿದೆ. ಫ್ಲೋರೋದ ವಿಮಾನ ಆಗಲೇ ಹೋಗಿತ್ತು. ದುಡ್ಡು ಕೊಟ್ಟು, ಪೂರ್ತಿ ಬೆಲೆ ಕೊಟ್ಟು, ಎಷ್ಟು ಅಂತ ನೋಡದೆ, ವೇಗದ ದೋಣಿ ಹತ್ತಿದೆ. ಬಿರುಗಾಳಿ ಸತ್ತಿದ್ದರೂ ಅಲೆಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ದಾರಿಯುದ್ದಕ್ಕೂ ಫ್ರಾಂಕ್‌ಫರ್ಟಿನ ಸಾಸೇಜುಗಳನ್ನು ಸಮುದ್ರಕ್ಕೆ ಹಿಂದಿರುಗಿಸಿದೆ.

ಚರ್ಚಿನ ಪಕ್ಕದ ಸಭಾಮನೆಗೆ ನಾನು ಕಾಲಿಟ್ಟಾಗ ಎಲ್ಲ ಮುಗಿದಿತ್ತು. ಸೀಗಡಿ ಇಟ್ಟ ಬ್ರೆಡ್ಡಿನ ತಟ್ಟೆಗಳು ಖಾಲಿ. ಜನ ಕೋಟು ಹುಡುಕುತ್ತಿದ್ದರು. ನಮ್ಮ ದೇಶದಲ್ಲಿ ಯಾರೂ ಯಾರಿಗೂ ಎದುರಿಗೆ ಬೈಯುವುದಿಲ್ಲ. ಸುಮ್ಮನೆ ಕಾಫಿ ಕೊಡುತ್ತಾರೆ. ಬೋರ್ಗಿಲ್ಡ್ ಬಟ್ಟಲು ತಂದು ಕೈಗೆ ಕೊಟ್ಟಳು.

“ಕುಡಿ ಭಾವಾ. ತಣ್ಣಗಾಗಿದೆ.”

“ಗುನ್‌ವೋರ್ ಮುಖ ನೋಡಿದ್ಲಾ?”

“ಗಾಳಿಗೆ ಸಣ್ಣ ವಿಮಾನ ಇಳಿಯೋಕಾಗದೆ ಮೇಲೇ ಸುತ್ತುತಿತ್ತು. ಅವಳು ಚರ್ಚಿನ ಬಾಗಿಲಿಗೆ ಬಂದಾಗ ಗಂಟೆ ಹೊಡೀತಿತ್ತು. ಮುಚ್ಚಳ ಹಾಕಿ ಆಗಿತ್ತು.”

“ತೆಗೀಬಹುದಿತ್ತಲ್ಲ! ಎರಡು ನಿಮಿಷ! ಯಾರು ಬೇಡ ಅಂದಿದ್ದು? ಆ ಪಾದ್ರಿ ಎಲ್ಲಿ?”

“ಕೂಗಬೇಡ,” ಅಂತ ಹಿಂದಿನಿಂದ ದನಿ ಬಂತು. ಗುನ್‌ವೋರ್. “ನಾನೇ ಬೇಡ ಅಂದೆ. ಅಪ್ಪ ತನ್ನ ಜೀವಮಾನದಲ್ಲಿ ಯಾರನ್ನೂ ಕಾಯಿಸಿದೋನಲ್ಲ. ನನ್ನಿಂದಾಗಿ ಇವತ್ತು ಊರನ್ನ ಕಾಯಿಸೋದು ಬೇಡ ಅನ್ನಿಸ್ತು.”

ನಾನು ತಲೆ ತಗ್ಗಿಸಿ ನಿಂತೆ. ಬಾಯಿ ತೆಗೆಯದೆ ಮಾಡುವ ಕೆಲಸ ನನಗೆ ಇನ್ನೂ ಒಂದಿದೆ ಅಂತ ಮಾವನಿಗೆ ಗೊತ್ತಿರಲಿಲ್ಲ.

“ಎಡಗಡೆ ಮುಂದೆ ಯಾರೂ ಇರಲಿಲ್ಲ,” ಅಂದಳು. “ಐದೇ ಜನ ನಿಂತಿದ್ರು. ನಾನು ಹೋಗಿ ಹಿಡಿದೆ.”

ಕೈ ಬಿಡಿಸಿ ತೋರಿಸಿದಳು. ಅಂಗೈಗೆ ಅಡ್ಡಲಾಗಿ, ಪೆಟ್ಟಿಗೆಯ ಹಿಡಿ ಒತ್ತಿದ ಕಡೆ, ಕೆಂಪು ಬರೆ.

“ಮುಖ ಸಿಗಲಿಲ್ಲ. ಭಾರ ಸಿಕ್ತು.”

ಆ ಕೈ ಹಿಡಿದುಕೊಳ್ಳಲು ಹೋದೆ. ಅವಳು ಮುಷ್ಟಿ ಮುಚ್ಚಿದಳು. ಸಿಟ್ಟಿನಿಂದಲ್ಲ. ಹುಡುಗಿಯರು ಕಡಲ ದಂಡೆಯಲ್ಲಿ ಸಿಕ್ಕಿದ ಚಿಪ್ಪನ್ನು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ.

ನಾನು ಬಟ್ಟಲು ಇಟ್ಟು ಹೊರಗೆ ಬಂದೆ. ಸ್ಮಶಾನದಲ್ಲಿ ಜಿಟಿಜಿಟಿ ಮಳೆ. ಗುಂಡಿಯ ಪಕ್ಕದಲ್ಲಿ ಮಣ್ಣಿನ ರಾಶಿ, ರಾಶಿಯ ಪಕ್ಕದಲ್ಲಿ ಮಣ್ಣು ತಳ್ಳುವ ಪುಟ್ಟ ಯಂತ್ರ, ಯಂತ್ರದ ಮೇಲೆ ಗುಂಡಿ ಮುಚ್ಚುವ ಮುದುಕ. ಅವನು ಆಗ ತಾನೇ ಯಂತ್ರ ಚಾಲು ಮಾಡಿದ್ದ. ನಾನು ಗುಂಡಿಯ ಅಂಚಿಗೆ ಹೋಗಿ ನಿಂತೆ.

“ಪಕ್ಕಕ್ಕೆ ಹೋಗಪ್ಪಾ!” ಅಂತ ಕೂಗಿದ. “ಯಾರು ನೀನು?”

“ಅಳಿಯ.”

“ಯಾವ ಅಳಿಯ?”

“ದೊಡ್ಡ ಮಗಳ ಗಂಡ. ಉತ್ತರದಿಂದ.”

“ಓಹೋ!” ಅಂದ. “ಫ್ರಾಂಕ್‌ಫರ್ಟಿನೋನು!”

ನಾನು ಬರುವಷ್ಟರಲ್ಲೇ ಊರು ನನಗೆ ನಾಮಕರಣ ಮಾಡಿ ಮುಗಿಸಿತ್ತು! ಮುದುಕ ಯಂತ್ರ ನಿಲ್ಲಿಸಿದ. ಕೆಳಗಿಳಿದ. ಹಿಂದಿನಿಂದ ಒಂದು ಸಲಿಕೆ ತೆಗೆದು ನನ್ನ ಮುಂದೆ ನೆಟ್ಟ.

“ಹೊರೋಕಂತೂ ಬರ್ಲಿಲ್ಲ. ಮುಚ್ಚೋಕಾದ್ರೂ ಆಗು.”

ಬೇರೆ ದಿನವಾಗಿದ್ದರೆ ಆ ಸಲಿಕೆ ಅವನ ತಲೆಯ ಮೇಲಿರುತ್ತಿತ್ತು. ಅವತ್ತು ನನ್ನ ಕೈಗೆ ಬಂತು. ಕಪ್ಪು ಸೂಟು, ಪಾಲಿಶ್ ಮಾಡಿದ ಬೂಟು. ಒದ್ದೆ ಮಣ್ಣು ಕಬ್ಬಿಣದಷ್ಟು ಭಾರ. ಮೊದಲ ಸಲಿಕೆ ಪೆಟ್ಟಿಗೆಯ ಮೇಲೆ ದಬ್ ಅಂತ ಬಿತ್ತು. ಎರಡನೆಯದನ್ನು ಮೆಲ್ಲಗೆ ಜಾರಿಸಿದೆ. ಆಮೇಲೆ ಕೆಲಸ ಕೆಲಸದ ಹಾಗೆ ಸಾಗಿತು. ಮುದುಕ ಯಂತ್ರದ ಮೆಟ್ಟಿಲ ಮೇಲೆ ಕೂತು ಪೈಪು ಹಚ್ಚಿಕೊಂಡ. ಅವನಿಗೆ ಆತುರವೇನೂ ಇರಲಿಲ್ಲ.

ಅರ್ಧ ತುಂಬಿರಬೇಕು, ಪಕ್ಕದಲ್ಲಿ ಕಪ್ಪು ಕೋಟು ಕಾಣಿಸಿತು. ಗುನ್‌ವೋರ್ ಬಂದು ನಿಂತಿದ್ದಳು. ನನ್ನ ಮೈಯಲ್ಲಿ ಬೆವರು, ಮಳೆ, ಕೆಸರು, ಯಾವುದು ಯಾವುದೋ ಗೊತ್ತಾಗುತ್ತಿರಲಿಲ್ಲ. ಈಗಲಾದರೂ ಒಂದು ಒಳ್ಳೇ ಮಾತು ಆಡುತ್ತಾಳೆ ಅಂತ ಆಸೆಯಾಯಿತು.

“ನೀನು ಒಳಗೆ ಹೋಗು ಕಣೇ,” ಅಂದೆ. “ನೆನೀತಿದೀಯ. ಇನ್ನೂ ಹೊತ್ತಾಗುತ್ತೆ.”

“ಆಗ್ಲಿ. ನಾನು ಇಲ್ಲಿಂದ ಕದಲಲ್ಲ.”

“ಯಾಕೆ? ನಾನಿದೀನಲ್ಲ, ಪೂರ್ತಿ ಮುಚ್ಚೇ ಬರ್ತೀನಿ.”

ಗುನ್‌ವೋರ್ ಗುಂಡಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

“ನಿನ್ನನ್ನ ನಂಬೋಕಾಗಲ್ಲ ಟೋರ್ಮೋಡ್. ಯಾರಾದ್ರೂ ಬಂದು ಪಾಯಿಂಟ್ ಕೊಡ್ತೀನಿ ಅಂದ್ರೆ ನಮ್ಮಪ್ಪನ್ನ ಅರ್ಧಕ್ಕೇ ಬಿಟ್ಟು ಹೋಗ್ತೀಯ.”